ನಾಲ್ಕು ಆಟಿಕೆ ಕೆಳಗೆ, ಉಳಿದದ್ದು ಮಾಳಾದ ಮೇಲೆ

ಜುಲೈ ತಿಂಗಳಲ್ಲಿ ನವಿಮುಂಬೈಯ ರಬಾಳೆಯಲ್ಲಿ ಬಟ್ಟೆ ಒಣಗುವುದಿಲ್ಲ. ವನ್ ಆರ್‌ಕೆ, ಅಂದರೆ ಒಂದು ಕೋಣೆ ಒಂದು ಅಡುಗೆಮನೆಯ, ಮನೆಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗದಲ್ಲಿ ಮೂರು ದಿನದ ಟವೆಲ್ಲು, ಚಡ್ಡಿ, ಕಂಪನಿಯ ಪ್ಯಾಂಟು ತೂಗಾಡುತ್ತಿರುತ್ತವೆ. ಫ್ಯಾನು ಐದರಲ್ಲಿ ತಿರುಗುತ್ತಲೇ ಇರುತ್ತದೆ. ಆ ಹಸಿ ಬಟ್ಟೆಗಳ ಅಡಿಯಲ್ಲಿ ಮೂರು ವರ್ಷದ ಒಂದು ಮಗು. ರೆಡ್ ಅಲರ್ಟ್ ಎಂದು ಬಾಲವಾಡಿಗೆ ರಜೆ ಕೊಟ್ಟಿದ್ದಾರೆ. ಕೆಳಗೆ ಗಲ್ಲಿಯಲ್ಲಿ ನೀರು. ಅಪ್ಪ ಟಿಟಿಸಿ ಕೈಗಾರಿಕಾ ಪ್ರದೇಶದ ಮೊದಲ ಪಾಳಿಗೆ ಹೋಗಿಯಾಗಿದೆ, ಅಮ್ಮ ಒಲೆಯ ಮುಂದೆ. ಹನ್ನೊಂದು ಗಂಟೆಯಾಗುವಷ್ಟರಲ್ಲಿ ಮಗುವಿನ ಕೈಗೆ ಮೊಬೈಲು ಬಂದಿರುತ್ತದೆ.

ಮೊಬೈಲು ಕೊಟ್ಟ ಅಮ್ಮನನ್ನು ದೂರಲು ಎಲ್ಲರೂ ತಯಾರು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನು ಓದಿ ಹೇಳುವವರೂ ಇದ್ದಾರೆ. ಅದೇ ಮಾರ್ಗಸೂಚಿ ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಮೂರು ಗಂಟೆಯಾದರೂ ಮೈಕೈ ಆಡಿಸಬೇಕು ಎಂದೂ ಹೇಳಿದೆ. ಎಲ್ಲಿ ಆಡಿಸುವುದು ಎಂಬುದಕ್ಕೆ ಆ ಸಂಸ್ಥೆಯ ಜಿನೀವಾ ಕಚೇರಿಯಲ್ಲಿ ಉತ್ತರವಿಲ್ಲ. ಮಂಚ, ಕಪಾಟು, ಫ್ರಿಜ್ಜು, ಗ್ಯಾಸ್ ಸಿಲಿಂಡರು ಕುಳಿತ ಮೇಲೆ ಉಳಿಯುವ ನೆಲ ಎಷ್ಟೆಂದರೆ, ಎರಡು ಚಾಪೆ ಹಾಸಿದರೆ ಮುಗಿಯಿತು.

ಇನ್ನೊಂದು ಕಾಟ ಅದೇ ಮೊಬೈಲಿನಿಂದ ಬರುತ್ತದೆ. ‘ಮನೆಯೊಳಗೇ ಮಕ್ಕಳಿಗೆ ಐವತ್ತು ಚಟುವಟಿಕೆಗಳು’ ಎಂಬ ವೀಡಿಯೊ. ಅಕ್ಕಿಗೆ ಏಳು ಬಣ್ಣ ಹಚ್ಚಿ ಒಣಗಿಸಿ, ಹತ್ತಿಯಿಂದ ಮೋಡ ಮಾಡಿ, ರಟ್ಟು ಕತ್ತರಿಸಿ ಅಂಟಿಸಿ. ಮಳೆಗಾಲದ ರಬಾಳೆಯಲ್ಲಿ ಬಟ್ಟೆಯೇ ಒಣಗದಿರುವಾಗ ಬಣ್ಣದ ಅಕ್ಕಿ ಎಲ್ಲಿ ಒಣಗಬೇಕು? ಅಕ್ಕಿಯನ್ನು ಅಳೆದು ಬೇಯಿಸುವ ಮನೆಯಲ್ಲಿ ಅದನ್ನು ಚೆಲ್ಲಾಡಲು ಕೊಡು ಎನ್ನುವುದೂ ಒಂದು ಬಗೆಯ ಕುರುಡು. ಅಮ್ಮ ಒಂದು ಗಂಟೆ ಕಷ್ಟಪಟ್ಟು ಜೋಡಿಸಿದ್ದನ್ನು ಮಗು ಹತ್ತು ನಿಮಿಷದಲ್ಲಿ ಚೆಲ್ಲಿ, ಮತ್ತೆ ಮೊಬೈಲು ಕೇಳುತ್ತದೆ. ಆಟ ಎನ್ನುವುದು ಮಗುವಿನ ಪಾಲಿನ ಕೆಲಸವಾಗಿತ್ತು. ಅದೀಗ ಅಮ್ಮನ ಹೋಮ್‌ವರ್ಕ್ ಆಗಿದೆ.

ಹೀಗಾಗಿ ಹೊಸ ಆಟ ಹುಡುಕುವ ಮೊದಲು ಒಂದು ಮಾತು ಹೇಳಬೇಕಾಗಿದೆ. ಮನೆಯೊಳಗಿನ ಆಟಕ್ಕೆ ದೊಡ್ಡವರು ಮಾಡಬೇಕಾದ ಸಿದ್ಧತೆ ತಂದು ತುಂಬುವುದಲ್ಲ, ತೆಗೆದಿಡುವುದು. ಇರುವ ಆಟಿಕೆಗಳಲ್ಲಿ ಮುಕ್ಕಾಲು ಪಾಲನ್ನು ಒಂದು ಚೀಲಕ್ಕೆ ಹಾಕಿ ಮಾಳಾದ ಮೇಲೆ ಎಸೆಯಿರಿ. ಅಟ್ಟಕ್ಕೆ ಮುಂಬೈ ಕನ್ನಡಿಗರು ಹೇಳುವ ಮಾತು ಮಾಳಾ. ಊರಿಗೆ ಹೋಗುವ ಸೂಟ್‌ಕೇಸು, ಗಣಪತಿ ಹಬ್ಬದ ಸೀರಿಯಲ್ ಲೈಟು ಮಲಗಿರುವ ಜಾಗ ಅದು. ಹದಿನೈದು ದಿನ ಬಿಟ್ಟು ಆ ಚೀಲ ಇಳಿಸಿ, ಕೆಳಗಿನದನ್ನು ಮೇಲೆ ಹಾಕಿ. ಖರ್ಚಿಲ್ಲದೆ ಮಗುವಿಗೆ ಹೊಸ ಆಟಿಕೆ ಬಂದ ಹಾಗೆ.

ಇದು ಬರೀ ಅಜ್ಜಿಯ ಬುದ್ಧಿಯಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಹದಿನೆಂಟರಿಂದ ಮೂವತ್ತು ತಿಂಗಳ 36 ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳ ಜೊತೆ, ಇನ್ನೊಮ್ಮೆ ಹದಿನಾರು ಆಟಿಕೆಗಳ ಜೊತೆ ಕೂರಿಸಿ ನೋಡಿದರು. ಅಧ್ಯಯನ ಪ್ರಕಟವಾದದ್ದು 2018ರಲ್ಲಿ. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಇದ್ದವು, ಒಂದೇ ವಸ್ತುವನ್ನು ಹೆಚ್ಚು ಬಗೆಗಳಲ್ಲಿ ಆಡಿದವು. ಹದಿನಾರು ಇದ್ದಾಗ ಇದನ್ನು ಮುಟ್ಟಿ ಅದಕ್ಕೆ ಹಾರಿದವು. ರಬಾಳೆ ಸ್ಟೇಷನ್ನಿನ ಹೊರಗೆ ಗಾಡಿಯ ಮೇಲೆ ರಾಶಿ ಹಾಕಿದ ಪ್ಲಾಸ್ಟಿಕ್ ಆಟಿಕೆಗಳ ಮುಂದೆ ನಿಂತ ಮಗುವನ್ನು ನೋಡಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಕಡಿಮೆಯಲ್ಲಿ ಆಡಿಸುವ ವಿದ್ಯೆಗೆ ದೂರ ಹೋಗಬೇಕಾಗಿಯೂ ಇಲ್ಲ. ಅದರ ದೊಡ್ಡ ಪ್ರಯೋಗ ನಡೆದದ್ದು ಇದೇ ಠಾಣೆ ಜಿಲ್ಲೆಯಲ್ಲಿ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರದಲ್ಲಿ ಕೆಲಸ ಕಲಿತ ತಾರಾಬಾಯಿ ಮೋಡಕ್ 1936ರಲ್ಲಿ ದಾದರಿನಲ್ಲಿ ಶಿಶುವಿಹಾರ ನಡೆಸತೊಡಗಿದರು. ಅಲ್ಲಿ ಮಾಂಟೆಸ್ಸೊರಿ ಪದ್ಧತಿ, ಪೇಟೆಯ ಮಕ್ಕಳು. ಹಳ್ಳಿಯ ಮಕ್ಕಳ ಗತಿ ಏನು ಎಂಬ ಪ್ರಶ್ನೆ ಅವರನ್ನು 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಕರೆದೊಯ್ದಿತು. ಜೊತೆಗೆ ಅನುತಾಯಿ ವಾಘ್. ಹದಿಮೂರಕ್ಕೆ ಮದುವೆಯಾಗಿ, ತಿಂಗಳುಗಳಲ್ಲೇ ವಿಧವೆಯಾಗಿ, ಓದಿ ಶಿಕ್ಷಕಿಯಾದವರು ಅನುತಾಯಿ. 1957ರಲ್ಲಿ ಇಬ್ಬರೂ ಡಹಾಣು ತಾಲೂಕಿನ ಕೋಸ್ಬಾಡ್ ಗುಡ್ಡ ಹತ್ತಿದರು. 2014ರ ಆಗಸ್ಟಿನಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾಗುವ ತನಕ ಅದು ಠಾಣೆಗೇ ಸೇರಿತ್ತು.

ಅಲ್ಲಿನ ವಾರ್ಲಿ ಆದಿವಾಸಿ ಮಕ್ಕಳು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಕೂಸು ನೋಡಿಕೊಳ್ಳಬೇಕು, ದನ ಕಾಯಬೇಕು. ಸರಿ, ಶಾಲೆಯೇ ಹಾಡಿಯ ಅಂಗಳಕ್ಕೆ ಹೋಯಿತು, ಅದು ಅಂಗಣವಾಡಿ. ದನ ಮೇಯುವ ಹುಲ್ಲುಗಾವಲಿಗೂ ಹೋಯಿತು, ಅದು ಕುರಣಶಾಲೆ. ಮಾಂಟೆಸ್ಸೊರಿ ಸಾಮಾನಿನ ಬೆಲೆ ಆ ಅಂಗಳಕ್ಕೆ ಎಟುಕುವಂಥದ್ದಲ್ಲ. ಹಾಗಾಗಿ ಬೀಜ, ಚಿಪ್ಪು, ಎಲೆ, ಬೆಣಚುಕಲ್ಲು, ಬಿದಿರಿನ ತುಂಡು, ಮಣ್ಣು, ಇವೇ ಎಣಿಸುವ, ಜೋಡಿಸುವ, ತೂಗುವ ಸಾಮಾನುಗಳಾದವು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಮೊದಲ ಸುತ್ತಿನ 33 ಕಡೆಗಳಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದಾಗಿತ್ತು, ಆ ಯೋಜನೆಯ ಕೇಂದ್ರಗಳಿಗೂ ಅಂಗನವಾಡಿ ಎಂದೇ ಹೆಸರು. ಇಂದು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಆ ಪದ ಹೇಳುವವರಿಗೆ ಅದು ಡಹಾಣುವಿನ ಅಂಗಳಗಳಲ್ಲಿ ಓಡಾಡಿ ಬಂದ ಮಾತು ಎಂಬ ನೆನಪು ಇರಬೇಕಾಗಿಲ್ಲ. ಆದರೆ ರಬಾಳೆಯ ಅಮ್ಮನಿಗೆ ಅದರಿಂದ ಧೈರ್ಯ ಬರಬೇಕು. ಆ ಇಬ್ಬರು ಹೆಂಗಸರು ಅಂಗಳದಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಶಾಲೆ ಕಟ್ಟಿದರು.

ವನ್ ಆರ್‌ಕೆಯಲ್ಲಿ ಬಿದ್ದಿರುವುದೇನು? ಮೊದಲಿಗೆ, ನೆಲ. ಎರಡಡಿ ಚೌಕದ ಟೈಲ್ಸಿನ ನಡುವಿನ ಗೆರೆಗಳು ಯಾರೂ ಎಳೆಯದೆ ಎಳೆದ ರಸ್ತೆಗಳು. ನಾಲ್ಕು ಕಾರು, ಒಂದು ಬೆಂಕಿಪೊಟ್ಟಣದ ಬಸ್ಸು ಸಾಕು; ಠಾಣೆ–ಬೇಲಾಪುರ ರಸ್ತೆ ತಯಾರು. ಮಂಚದ ಕೆಳಗಿನ ಕತ್ತಲೆ ಸುರಂಗ. ಚಪ್ಪಲಿ ಅಡ್ಡ ಇಟ್ಟರೆ ಅದು ಸೇತುವೆ. ಇದಕ್ಕಿಂತ ಮೇಲಿನದು ಲೋಕಲ್ ಟ್ರೈನಿನ ಆಟ. ಸ್ಟೀಲ್ ಡಬ್ಬಿಗಳನ್ನೋ ಚಪ್ಪಲಿ ಪೆಟ್ಟಿಗೆಗಳನ್ನೋ ಸಾಲಾಗಿ ನಿಲ್ಲಿಸಿ, ಪ್ರತಿ ಡಬ್ಬಿಯಲ್ಲಿ ಒಂದು ಗೊಂಬೆ ಕೂರಿಸಿದರೆ ಮುಗಿಯಿತು. ಅಮ್ಮ ಪಲ್ಯ ಹೆಚ್ಚುತ್ತ ಕೂತಲ್ಲಿಂದಲೇ ‘ಪುಢೀಲ ಸ್ಟೇಷನ್…’ (ಮುಂದಿನ ಸ್ಟೇಷನ್) ಎಂದು ಎಳೆದರೆ ಸಾಕು, ಉಳಿದದ್ದು ಮಗುವಿನ ಬಾಯಲ್ಲಿ ಬರುತ್ತದೆ: ಠಾಣೆ, ದಿಘಾ ಗಾಂವ್, ಐರೋಲಿ, ರಬಾಳೆ, ಘನ್ಸೋಲಿ, ಕೋಪರ್‌ಖೈರಾಣೆ, ತುರ್ಭೆ, ಸಾನ್‌ಪಾಡಾ, ವಾಶಿ. (ದಿಘಾ ಗಾಂವ್ ಸೇರಿದ್ದು 2024ರ ಜನವರಿಯಲ್ಲಿ, ಊರಿಂದ ಬಂದ ಅಜ್ಜಿ ಅದನ್ನು ಬಿಟ್ಟರೆ ಮಗುವೇ ತಿದ್ದುತ್ತದೆ.) ಯಾವ ಸ್ಟೇಷನ್ನಿನಲ್ಲಿ ಆನೆ ಇಳಿಯಿತು, ಯಾರು ನಿಂತೇ ಬಂದರು, ಯಾರಿಗೆ ಕಿಟಕಿ ಸೀಟು ಸಿಕ್ಕಿತು, ಇದರಲ್ಲಿ ಎಣಿಕೆ ಇದೆ, ಕ್ರಮ ಇದೆ, ಮಾತು ಇದೆ. ದೊಡ್ಡವರ ದಿನದ ಗೋಳೇ ಮಗುವಿಗೆ ಆಟ.

ಎರಡನೆಯದು ಬಚ್ಚಲು, ಮುಂಬೈ ಕಡೆಯವರು ಮೋರಿ ಎನ್ನುವ ಮೂಲೆ. ಅರ್ಧ ಟಬ್ಬು ನೀರು ಬೇಡ, ಎರಡು ಚೊಂಬು ಸಾಕು. ಒಂದು ಹಳೆ ಬ್ರಷ್ಷು, ಚೂರು ಸೋಪು, ಕೊಳೆಯಾದ ಪ್ಲಾಸ್ಟಿಕ್ ಹಸು-ಕುದುರೆಗಳು. ಪ್ರಾಣಿಗಳಿಗೆಲ್ಲ ಸ್ನಾನ, ಆಮೇಲೆ ಟವೆಲ್ಲಿನ ಮೇಲೆ ಸಾಲಾಗಿ ಒಣಗುವ ಕಾರ್ಯಕ್ರಮ. ಮಳೆಗಾಲದಲ್ಲಿ ಮಕ್ಕಳನ್ನು ಇದರಷ್ಟು ಹೊತ್ತು ಹಿಡಿದಿಡುವ ಆಟ ಇನ್ನೊಂದಿಲ್ಲ. ಆಟಿಕೆಯೂ ತೊಳೆದಾಯಿತು. ಇಲ್ಲಿ ಮಾತ್ರ ಕಣ್ಣು ತೆಗೆಯುವ ಹಾಗಿಲ್ಲ: ಬಕೆಟ್ಟಿನ ತಳದಲ್ಲಿ ಗೇಣಿಗಿಂತ ಕಡಿಮೆ ನೀರಿದ್ದರೂ ಪುಟ್ಟ ಮಗು ತಲೆಕೆಳಗಾಗಿ ಬಿದ್ದರೆ ಏಳಲಾರದು. ಆಟ ಮುಗಿದ ಕೂಡಲೇ ಬಕೆಟ್ಟು ಬರಿದು ಮಾಡಿ ಬೋರಲು ಹಾಕಬೇಕು.

ಮೂರನೆಯದಕ್ಕೆ ಬೇಕಾದದ್ದು ಒಂದು ತಟ್ಟೆ, ಒಂದು ದುಪಟ್ಟಾ. ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ, ಇದೇ ಮುಂಬೈಯಲ್ಲಿ. 1901ರಲ್ಲಿ ಬಂದ ಅವನ ‘ಕಿಮ್’ ಕಾದಂಬರಿಯಲ್ಲಿ ಹುಡುಗನಿಗೆ ತಟ್ಟೆ ತುಂಬ ಹರಳು ತೋರಿಸಿ, ಮುಚ್ಚಿ, ಏನೇನಿತ್ತು ಹೇಳು ಎನ್ನುವ ಆಟ ಬರುತ್ತದೆ. ಕಥೆಯಲ್ಲಿ ಅದು ಗೂಢಚಾರನ ತರಬೇತಿ. ಸ್ಕೌಟಿನವರು ಅದನ್ನು ಎತ್ತಿಕೊಂಡು ಲೋಕಕ್ಕೆಲ್ಲ ಹಂಚಿದರು. ಮೂರು ವರ್ಷದ ಗೂಢಚಾರನಿಗೆ ನಾಲ್ಕು ಆಟಿಕೆ ಹೆಚ್ಚು. ಮುಚ್ಚಿ, ಒಂದನ್ನು ಸದ್ದಿಲ್ಲದೆ ಸೆರಗಿಗೆ ಸೇರಿಸಿ, ‘ಯಾರು ಓಡಿಹೋದರು?’ ಎಂದು ಕೇಳಿದರೆ ಮನೆಯೆಲ್ಲ ಹುಡುಕಾಟ. ಮಗು ಅಮ್ಮನಿಗೇ ಆಟ ಹೂಡುವ ದಿನ ಬರಲು ವಾರ ಸಾಕು. ಆಗ ಅಮ್ಮ ಸೋಲುವುದನ್ನು ಕಲಿಯಬೇಕು.

ಕರೆಂಟು ಹೋದರೆ ಟಾರ್ಚು, ಗೋಡೆ, ಮತ್ತು ಅದೇ ಪ್ಲಾಸ್ಟಿಕ್ ಆನೆ. ಟಾರ್ಚಿನ ಹತ್ತಿರ ತಂದರೆ ನೆರಳು ಬೆಟ್ಟದಷ್ಟು, ದೂರ ಹಿಡಿದರೆ ಇಲಿಯಷ್ಟು. ತೊಗಲುಗೊಂಬೆಯಾಟದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಟ್ಟಿನ ಪೆಟ್ಟಿಗೆಯ ಬಗ್ಗೆಯೂ ಅಷ್ಟೇ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಆಟಿಕೆಗಳಿಗೆಂದೇ ಇರುವ ಗೌರವಭವನ 2005ರಲ್ಲಿ ರಟ್ಟಿನ ಪೆಟ್ಟಿಗೆಯನ್ನೂ, 2008ರಲ್ಲಿ ಕೋಲನ್ನೂ, 2011ರಲ್ಲಿ ಕಂಬಳಿಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಇಲ್ಲಿನ ಮನೆಗಳಿಗೆ ಮೂರು ದಿನಕ್ಕೊಮ್ಮೆ ಪೆಟ್ಟಿಗೆ ಬರುತ್ತದೆ. ಒಳಗೆ ಬಂದ ಆಟಿಕೆಗಿಂತ ಹೊರಗಿನ ಪೆಟ್ಟಿಗೆಗೆ ಆಯುಷ್ಯ ಜಾಸ್ತಿ ಎಂಬುದನ್ನು ಪ್ರತಿ ಹುಟ್ಟುಹಬ್ಬವೂ ತೋರಿಸಿಕೊಡುತ್ತದೆ.

ಇವೆಲ್ಲದರ ನಡುವೆ ಕನ್ನಡ ಮನೆಗಳು, ಅದರಲ್ಲೂ ಕರಾವಳಿಯಿಂದ ಬಂದ ಮನೆಗಳು, ಕೈಯಲ್ಲಿಟ್ಟುಕೊಂಡು ಮರೆತ ಒಂದು ವಸ್ತುವಿದೆ. ತುಳುನಾಡಿನಲ್ಲಿ ಆಟಿ ತಿಂಗಳೆಂದರೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಕಾಲಿಡಲಾಗದ ಮಳೆ. ಗದ್ದೆಯ ಕೆಲಸ ಮುಗಿದಿರುತ್ತದೆ, ಶುಭಕಾರ್ಯಗಳಿಲ್ಲ. ಆಗ ಚಾವಡಿಗೆ ಇಳಿಯುತ್ತಿದ್ದದ್ದು ಚೆನ್ನೆಮಣೆ. ಮರದ ಹಲಗೆಯಲ್ಲಿ ಎದುರುಬದುರು ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಕೆಂಪಗೆ ಹೊಳೆಯುವ ಮಂಜೊಟ್ಟಿ ಬೀಜ. ಒಳನಾಡಿನವರು ಇದನ್ನೇ ಅಳಗುಳಿಮಣೆ ಎನ್ನುತ್ತಾರೆ. ಮನೆಯೊಳಗೆ ಕೂಡಿಹಾಕುವ ಮಳೆಗೆಂದೇ ಒಂದು ನಾಡು ಕಂಡುಕೊಂಡ ಆಟ ಅದು. ಅದರ ಗತ್ತು ಎಷ್ಟಿತ್ತೆಂದರೆ ಸಿರಿ ಪಾಡ್ದನ ಎಂಬ ತುಳು ಜನಪದ ಕಾವ್ಯದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಅಕ್ಕತಂಗಿಯರ ಕಥೆ ದುರಂತಕ್ಕೆ ತಿರುಗುವುದೇ ಚೆನ್ನೆಯಾಟದ ಜಗಳದಿಂದ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ನಂಬಿಕೆಯೂ ಇದಕ್ಕೆ ಅಂಟಿಕೊಂಡಿದೆ. ಎರಡು ಪುಟ್ಟ ಮಕ್ಕಳಿರುವ ಮನೆಯವರಿಗೆ ಆ ನಂಬಿಕೆಯ ಹಿಂದಿನ ಅನುಭವ ತಟ್ಟನೆ ಅರ್ಥವಾದೀತು.

ಮುಂಬೈ, ಠಾಣೆ, ಡೊಂಬಿವಲಿ, ನವಿಮುಂಬೈಗಳಲ್ಲಿ ‘ಆಟಿಡೊಂಜಿ ದಿನ’ ಎಂಬ ತುಳುವರ ಕಾರ್ಯಕ್ರಮ ವರ್ಷವರ್ಷ ನಡೆಯುತ್ತದೆ. ಪತ್ರೊಡೆ, ತಜಂಕಿನ ಸೊಪ್ಪು, ಭಾಷಣ, ಮತ್ತು ವೇದಿಕೆಯ ಮೇಲೊಂದು ಚೆನ್ನೆಮಣೆ. ಗಣ್ಯರು ನಾಲ್ಕು ಕಾಯಿ ಹಾಕಿ ಉದ್ಘಾಟಿಸುತ್ತಾರೆ, ಫೋಟೊ ಆಗುತ್ತದೆ, ಮಣೆ ಮತ್ತೆ ಗೋಣಿಚೀಲ ಸೇರುತ್ತದೆ. ಮಕ್ಕಳ ಕೈಗೆ ಅದು ಬರುವುದೇ ಇಲ್ಲ. ಆಟವನ್ನು ಸಂಸ್ಕೃತಿ ಎಂದು ಕರೆದ ಕೂಡಲೇ ಅದನ್ನು ಮುಟ್ಟಬಾರದು ಎನ್ನುವ ರೋಗ ನಮ್ಮದು.

ಮೂರೂವರೆ–ನಾಲ್ಕು ವರ್ಷದ ಮಗುವಿಗೆ ಆಟದ ಪೂರ್ತಿ ನಿಯಮ ಬೇಕಿಲ್ಲ. ಒಂದು ಗುಳಿಯ ಕಾಯಿ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವುದು, ಅಷ್ಟೇ. ಒಂದು ಗುಳಿಗೆ ಒಂದೇ ಕಾಯಿ ಎಂಬ ಹೊಂದಿಕೆಯೇ ಎಣಿಕೆಯ ತಳಪಾಯ; ಅದನ್ನು ಬೆರಳು ಕಲಿತುಕೊಳ್ಳುತ್ತದೆ. ಮಣೆ ಇಲ್ಲದಿದ್ದರೆ ಡಜನ್ ಮೊಟ್ಟೆಯ ಪೆಟ್ಟಿಗೆ ಇದೆ. ಎರಡು ಗುಳಿ ಕಡಿಮೆಯಾಯಿತಲ್ಲ ಎಂದು ಕೊರಗಬೇಕಾಗಿಲ್ಲ: ಘಾನಾ ದೇಶದ ಓವಾರೆ ಎಂಬ ದಾಯಾದಿ ಆಟಕ್ಕೆ ಆರಾರರ ಎರಡು ಸಾಲು, 48 ಕಾಯಿ. ಕಾಯಿಗೆ ಹುಣಸೆಬೀಜ ಆಗುತ್ತದೆ. ಆದರೆ ಗುಲಗಂಜಿ ಮಾತ್ರ ಬೇಡ. ಮಂಜೊಟ್ಟಿಯ ಹಾಗೇ ಕೆಂಪಗೆ, ತುದಿಯಲ್ಲಿ ಕರಿಬೊಟ್ಟು ಇಟ್ಟುಕೊಂಡಿರುವ ಅದರೊಳಗಿನದು ಕಡುವಿಷ. ಮೂರು ತುಂಬದ, ಏನು ಸಿಕ್ಕರೂ ಬಾಯಿಗೆ ಹಾಕುವ ಮಗುವಿಗೆ ಯಾವ ಬೀಜವೂ ಬೇಡ. ಅದಕ್ಕೆ ಮಸಾಲೆ ಡಬ್ಬಿಯ ಏಳು ಬಟ್ಟಲು, ಬಾಯಿಗೆ ಹಿಡಿಯದಷ್ಟು ದೊಡ್ಡ ಏಳು ವಸ್ತು ಸಾಕು. ಹಾಕು, ತೆಗೆ, ಮುಚ್ಚು, ಕುಟ್ಟು. ಸ್ಟೀಲಿನ ಸದ್ದಿಗೆ ಕೆಳಮನೆಯವರು ಬಾಗಿಲು ತಟ್ಟಿಯಾರು, ಅದು ಬೇರೆ ಮಾತು.

ಕೊಳ್ಳುವ ಆಟಿಕೆಯ ಬಗ್ಗೆಯೂ ಎರಡು ಮಾತು. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಲೋಕಲ್ಲಿನಲ್ಲಿ, ಸ್ಟೇಷನ್ ಮೆಟ್ಟಿಲಲ್ಲಿ ಮಾರಾಟಕ್ಕಿರುವ ಮಿಣುಕುವ ಆಟಿಕೆಗಳಲ್ಲಿ ಅದನ್ನು ಹುಡುಕಿ ನೋಡಿ. ಸಿಗದಿದ್ದರೆ ಕನಿಷ್ಠ ಆಟಿಕೆಯ ಬೆನ್ನಿನ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಗುಂಡಿಯಂಥ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡತೊಡಗುತ್ತದೆ, ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಆ ಐಎಸ್‌ಐ ನಿಯಮದಿಂದ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಬುಗುರಿಯ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ. ಆಲೆಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುವಂತೆ ಮಾಡುವ ಕಸುಬು ಅದು. ಊರಿಗೆ ಹೋಗುವ ಕೊಂಕಣ ರೈಲಿನ ದಾರಿಯಲ್ಲಿ ಸಾವಂತವಾಡಿಯೂ ಸಿಗುತ್ತದೆ. ಅಲ್ಲಿಯ ಮರದ ಬದನೆ, ಬಾಳೆ, ಮಾವು ಅಡುಗೆಯಾಟಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ದುಃಖವೆಂದರೆ ಇವೆರಡೂ ಬಹುತೇಕ ಮನೆಗಳಲ್ಲಿ ಷೋಕೇಸಿನ ಗಾಜಿನ ಹಿಂದೆ, ದಸರಾ ಗೊಂಬೆಗಳಂತೆ, ನೋಡಲು ಮಾತ್ರ ಕೂತಿವೆ. ಮಗುವಿನ ಕೈಯಲ್ಲಿ ಸಿಪ್ಪೆ ಎದ್ದ ಪ್ಲಾಸ್ಟಿಕ್ಕು, ಗಾಜಿನೊಳಗೆ ಮಗುವಿಗಾಗಿಯೇ ಮಾಡಿದ ಮರ.

ಮಕ್ಕಳ ಜೊತೆ ಕೂತು ಆಡುವುದು ಅಪ್ಪ-ಅಮ್ಮನ ಕರ್ತವ್ಯವಲ್ಲವೇ, ಆಟಿಕೆ ಕೊಟ್ಟು ಪಕ್ಕಕ್ಕೆ ಸರಿಯುವುದು ಸೋಮಾರಿತನವಲ್ಲವೇ ಎಂದು ಕೇಳುವವರಿದ್ದಾರೆ. ಹತ್ತು ನಿಮಿಷ ಕೂಡಿ ಆಡಿ ಆಟಕ್ಕೆ ಚಾಲನೆ ಕೊಡಬೇಕು, ನಿಜ. ಆಮೇಲೆ ಕಣ್ಣಳತೆಯಲ್ಲಿದ್ದುಕೊಂಡು ತಮ್ಮ ಕೆಲಸ ನೋಡಿಕೊಳ್ಳುವುದು ಸೋಮಾರಿತನವಲ್ಲ. ರೈಲು ಎಲ್ಲಿ ನಿಲ್ಲಬೇಕು ಎಂದು ದೊಡ್ಡವರು ತಿದ್ದುತ್ತ ಕೂತರೆ ಆ ರೈಲು ಮಗುವಿನದಾಗಿ ಉಳಿಯುವುದಿಲ್ಲ. ಈ ಹತ್ತು ನಿಮಿಷ ಅಮ್ಮನ ಲೆಕ್ಕದಲ್ಲಿ ಮಾತ್ರ ಬೀಳಬೇಕಾಗಿಯೂ ಇಲ್ಲ. ಮೊದಲ ಪಾಳಿಯ ಅಪ್ಪ ನಾಲ್ಕಕ್ಕೆಲ್ಲ ಮನೆಯಲ್ಲಿರುತ್ತಾನೆ.

ಮನೆಯಾಚೆಗೂ ಕೇಳಬೇಕಾದ ಪ್ರಶ್ನೆಗಳಿವೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತ್ತು. ಕಾರ್ಖಾನೆಗಳೇ ಸಾಲುಗಟ್ಟಿದ ಠಾಣೆ–ಬೇಲಾಪುರ ಪಟ್ಟಿಯಲ್ಲಿ ಕೆಲಸಕ್ಕೆ ಸೇರುವಾಗ ಅಪ್ಪಂದಿರೂ ಅದನ್ನು ವಿಚಾರಿಸಲಿ.

ಕನ್ನಡ ಸಂಘಗಳ ಪಾಲಿಗೂ ಒಂದು ಕೆಲಸ ಇದೆ. 1935ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಲಾಸ್ ಏಂಜಲಿಸ್‌ನ ಅಂಗಡಿಯೊಂದರಲ್ಲಿ ಮಕ್ಕಳು ಆಟಿಕೆ ಮಾಡಿಕೊಳ್ಳಲು ಸಾಮಾನು ಕದಿಯುತ್ತಿದ್ದದ್ದು ಗೊತ್ತಾದಾಗ, ಅಲ್ಲಿನವರು ಪೊಲೀಸರಲ್ಲಿಗೆ ಹೋಗಿ ಕೈತೊಳೆದುಕೊಳ್ಳದೆ, ಪುಸ್ತಕದಂತೆ ಆಟಿಕೆಯನ್ನು ಎರವಲು ಕೊಡುವ ಏರ್ಪಾಡು ಶುರು ಮಾಡಿದರು. ಆ ಏರ್ಪಾಡು ದಶಕಗಳನ್ನು ದಾಟಿ ನಡೆದುಬಂದಿದೆ. ನಮ್ಮ ಸಂಘಗಳಲ್ಲಿ ಸಭಾಗೃಹ ಇದೆ, ಗ್ರಂಥಾಲಯ ಇದೆ, ಗ್ರಂಥಾಲಯದಲ್ಲಿ ಯಾರೂ ತೆಗೆಯದ ಬೀರು ಇದೆ. ಆ ಬೀರಿನ ಎರಡು ಅಂಕಣ ಖಾಲಿ ಮಾಡಿ, ದೊಡ್ಡವರಾದ ಮಕ್ಕಳ ಆಟಿಕೆಗಳನ್ನು ತೊಳೆದು ತುಂಬಿ, ರಿಜಿಸ್ಟರಿನಲ್ಲಿ ಹೆಸರು ಬರೆದು ಹದಿನೈದು ದಿನಕ್ಕೆ ಕೊಡಬಹುದು. ಮಾಳಾ ಇಲ್ಲದ ಮನೆಗಳಿಗೆ ಅದೇ ಮಾಳಾ ಆಗುತ್ತದೆ. ಒಂದು ಆಟಿಕೆ ಮುರಿದು ಬಂದರೆ ದಂಡ ಹಾಕದಿರುವಷ್ಟು ದೊಡ್ಡ ಮನಸ್ಸು ಕಾರ್ಯಕಾರಿ ಸಮಿತಿಗೆ ಇರಬೇಕು.

ಶುರು ಮಾಡಲು ದೇಣಿಗೆ ಎತ್ತಬೇಕಾಗಿಯೂ ಇಲ್ಲ. ಆಟಿಡೊಂಜಿ ದಿನದ ವೇದಿಕೆಯಿಂದ ಇಳಿದ ಚೆನ್ನೆಮಣೆ ಗೋಣಿಚೀಲಕ್ಕೆ ಹೋಗುವ ಬದಲು ಸೀದಾ ಆ ಬೀರಿಗೆ ಹೋಗಲಿ. ರಿಜಿಸ್ಟರಿನ ಮೊದಲ ಸಾಲಿನಲ್ಲಿ ಅದನ್ನು ಬರೆದುಕೊಂಡು, ಹುಣಸೆಬೀಜದ ಪೊಟ್ಟಣದ ಸಮೇತ, ಆವತ್ತೇ ಯಾವುದಾದರೂ ಮಗುವಿನ ಕೈಗೆ ಕೊಟ್ಟು ಕಳಿಸಲಿ.